ಭಾಂಡುಪ್ ಮಹಡಿಯ ಚಹಾ

ದಾವಣಗೆರೆ ಬಿಟ್ಟಿದ್ದು

ಮುಂಬೈಗೆ ಹೋಗಲು ಪಾಸ್‌ಪೋರ್ಟ್ ಬೇಡ, ನಿಜ. ಆದರೆ ದಾವಣಗೆರೆಯಲ್ಲಿ ಹುಟ್ಟಿ, ಅಲ್ಲೇ ಖಾನಾವಳಿ ಇಟ್ಟು, ಹರಿಹರದ ಹೊಳೆ ದಾಟಿದರೆ ಊರು ಬಿಟ್ಟೆ ಎಂದುಕೊಳ್ಳುವ ನನ್ನಂಥವಳಿಗೆ ಅದು ಪರದೇಶವೇ. ಅಲ್ಲಿಯ ಭಾಷೆ ಬಾಯಿಗೆ ಬರುವುದಿಲ್ಲ, ಅಲ್ಲಿಯ ರೈಲು ನಿಲ್ಲುವುದಿಲ್ಲ, ಅಲ್ಲಿಯ ದೋಸೆಯಲ್ಲಿ ಬೆಣ್ಣೆ ಇರುವುದಿಲ್ಲ ಎಂದು ಪಕ್ಕದ ಮನೆಯ ಶಾಂತಕ್ಕ ಹೊರಡುವ ಮೊದಲೇ ಹೆದರಿಸಿದ್ದಳು. ಮೂರೂ ನಿಜವಾದವು. ಆದರೂ ನಾನು ಖುಷಿಯಾಗಿ ಹೋಗಿ ಖುಷಿಯಾಗಿಯೇ ಬಂದೆ. ನಡುವೆ ಒಂದು ದಿನ ಮಾತ್ರ ಜೀವ ಬಾಯಿಗೆ ಬಂದಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಹೊರಟದ್ದು ನನ್ನ ತಮ್ಮ ಮಂಜುನಾಥನ ಕೆಲಸಕ್ಕೆ. ಮಂಜ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ ಅವನಿಗೆ ಮನಸ್ಸು ಕೆಟ್ಟಿತ್ತು, ಕುಡಿತವೂ ಹತ್ತಿತ್ತು. ಯಾವುದು ಮೊದಲು ಬಂತು, ಯಾವುದು ಅದರ ಬೆನ್ನಿಗೆ ಬಂತು ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಆಸ್ಪತ್ರೆ, ಮಾತ್ರೆ, ಮತ್ತೆ ಆಸ್ಪತ್ರೆ ಎಂದು ಅಲೆದಾಡಿ ಈಗ ನೆಟ್ಟಗಾಗಿದ್ದಾನೆ. ಒಂದು ದಿನ ಡಾಕ್ಟರು, "ಮಂಜುನಾಥ್, ಹೊಸದಾಗಿ ಬರೋರ ಜೊತೆ ನೀವು ಕೂತು ಮಾತಾಡಿದ್ರೆ ನನ್ನ ಮಾತಿಗಿಂತ ಚೆನ್ನಾಗಿ ಕೇಳ್ತಾರೆ. ಇಲ್ಲೊಂದು ಗುಂಪು ಶುರು ಮಾಡಿ" ಎಂದರು. ಮುಂಬೈಯ ಭಾಂಡುಪ್‌ನಲ್ಲಿ ಕನ್ನಡದವರದೇ ಅಂಥದೊಂದು ಗುಂಪಿದೆ, ಕುಡಿತ ಬಿಟ್ಟವರು, ಮನಸ್ಸಿನ ಕಾಯಿಲೆಯಿಂದ ಎದ್ದವರು ತಾವು ತಾವೇ ಸೇರಿ ನಡೆಸುತ್ತಾರೆ, ಹೋಗಿ ನೋಡಿ ಬನ್ನಿ ಎಂದರು. ಮಂಜ ತಲೆಯಾಡಿಸಿದ. ನಾನು, "ಅವನೊಬ್ಬನೇ ಹೆಂಗೆ ಹೋಗ್ತಾನೆ ಡಾಕ್ಟ್ರೇ, ನಾನೂ ಹೋಗ್ತೀನಿ" ಎಂದೆ. ಡಾಕ್ಟರು ನಕ್ಕರು. ಯಾಕೆ ನಕ್ಕರೆಂದು ಆಗ ನನಗೆ ತಿಳಿಯಲಿಲ್ಲ.

ಖಾನಾವಳಿಯನ್ನು ಸೊಸೆಗೆ ಒಪ್ಪಿಸಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಮಂಡಕ್ಕಿ ಕಟ್ಟಿಕೊಂಡು, ಮಂಜನ ಮಾತ್ರೆಗಳನ್ನು ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಭದ್ರವಾಗಿಟ್ಟುಕೊಂಡು ರೈಲು ಹತ್ತಿದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಂಥ ಗುಂಪಿನಲ್ಲಿ ಆಡಿದ ಮಾತನ್ನು ಹೊರಗೆ ತರುವ ಹಾಗಿಲ್ಲ. ನಾನು ಇಲ್ಲಿ ಬರೆಯುವುದನ್ನು ಆಯಾ ಜನರನ್ನೇ ಕೇಳಿ, ಹೆಸರು ಬದಲಿಸಿ ಬರೆಯುತ್ತಿದ್ದೇನೆ. ಮಂಜನ ಹೆಸರು ಮಾತ್ರ ಮಂಜನದೇ. ಬದಲಿಸಬೇಡ ಅಂದ.

ದಾದರ್, ಆಮೇಲೆ ನಾಹುರ್

ದಾದರ್ ಸ್ಟೇಷನ್ನಿನಲ್ಲಿ ನಮ್ಮನ್ನು ಎದುರುಗೊಂಡವಳು ರತ್ನಾ. ಬಾಗಲಕೋಟೆ ಕಡೆಯವಳು, ಮದುವೆಯಾಗಿ ಬಂದಂದಿನಿಂದ ಭಾಂಡುಪ್‌ನ ಚಾಳಿನಲ್ಲಿ, ಅಂದರೆ ನಮ್ಮ ಕಡೆಯ ವಠಾರದಂಥದ್ದರಲ್ಲಿ, ಇದ್ದಾಳೆ. ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದೆ, ಮಕ್ಕಳ ಮುಖವನ್ನೂ ನೋಡದೆ ಮಲಗಿದ್ದವಳು. ಈಗ ಒಂದು ಸಂಸ್ಥೆಯಲ್ಲಿ ಅವಳಿಗೆ ನೌಕರಿ. ಕೆಲಸ ಏನೆಂದರೆ, ಹಾಗೆ ಮಲಗಿದವರ ಪಕ್ಕದಲ್ಲಿ ಹೋಗಿ ಕೂರುವುದು, ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಾಳಿಯಲ್ಲಿ ಜೊತೆಗೆ ನಿಲ್ಲುವುದು. ತರಬೇತಿ ಕೊಟ್ಟಿದ್ದಾರೆ, ಆದರೆ ಕೆಲಸಕ್ಕೆ ತೆಗೆದುಕೊಳ್ಳುವಾಗ ಕೇಳಿದ ಮೊದಲ ಅರ್ಹತೆ ಅದೇ ಕಾಯಿಲೆ ಬಿದ್ದು ಎದ್ದಿರಬೇಕು ಎನ್ನುವುದಂತೆ. "ಕಾಯಿಲೆ ಬಂದಿದ್ದಕ್ಕೆ ಸಂಬಳ ಕೊಡೋ ಊರು ಇದೊಂದೇ ಇರಬೇಕು ಕಣಮ್ಮ" ಎಂದೆ. ಅವಳು ಪ್ಲಾಟ್‌ಫಾರ್ಮಿನ ಮೇಲೆಯೇ ಬಿದ್ದು ಬಿದ್ದು ನಕ್ಕಳು.

ಭಾಂಡುಪ್‌ಗೆ ಲೋಕಲ್ ಹತ್ತಬೇಕು. ಹೆಂಗಸರಿಗೆ ಬೇರೆ ಡಬ್ಬಿ, ಗಂಡಸರಿಗೆ ಬೇರೆ ಡಬ್ಬಿ. ಮಂಜ ಒಬ್ಬನೇ ಆ ನೂಕಾಟದಲ್ಲಿ ಹೋಗಬೇಕೆಂದು ಕೇಳಿ ನಾನು ಅಲ್ಲೇ ನಿಂತುಬಿಟ್ಟೆ.

"ಅಂವಗೇನೂ ಆಗಂಗಿಲ್ರಿ ಸರೋಜಕ್ಕ. ಭಾಂಡುಪ್ ಬಂದ ಕೂಡ್ಲೆ ಇಳಿ ಅಂದೀನಿ. ಟೆನ್ಶನ್ ನಕೋ" ಎಂದು ರತ್ನಾ ನನ್ನನ್ನು ಕೈಹಿಡಿದು ಹತ್ತಿಸಿದಳು.

ನನಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಆಫೀಸಿನಿಂದ ಬಂದವಳು, ಮಡಿಲಲ್ಲಿ ಚೀಲ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಓಡುವ ರೈಲಿನಲ್ಲಿ ರಾತ್ರಿಯ ಅಡುಗೆಗೆ ತಯಾರಿ. ನಮ್ಮೂರಲ್ಲಿ ಹೀಗೆ ಮಾಡಿದರೆ ಮನೆಯಲ್ಲಿ ಜಗಳವಾಗಿದೆ ಎಂದು ಮಾತಾಡಿಕೊಳ್ಳುತ್ತಾರೆ. ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಅವಳ ಚೀಲಕ್ಕೆ ಕೈ ಹಾಕಿ ನಾನೂ ಸುಲಿಯತೊಡಗಿದೆ. ಅವಳು ಮರಾಠಿಯಲ್ಲಿ ಏನೋ ಅಂದಳು, ನಾನು ಕನ್ನಡದಲ್ಲಿ ಏನೋ ಅಂದೆ, ಇಬ್ಬರಿಗೂ ಸರಿಹೋಯಿತು. ರತ್ನಾ ಬಾಗಿಲ ಹತ್ತಿರ ನಿಂತು "ಬರ್ರಿ ಅಕ್ಕಾ, ಬರ್ರಿ" ಎಂದು ಕೂಗಿದ್ದು ಕೇಳಿಸಿತು. ನಮ್ಮ ಚಿಕ್ಕಜಾಜೂರಿನಲ್ಲಿ ರೈಲು ನಿಂತರೆ ಇಳಿದು ಚಹಾ ಕುಡಿದು ಗ್ಲಾಸು ತಿರುಗಿ ಕೊಟ್ಟು ಹತ್ತುವಷ್ಟು ಪುರುಸೊತ್ತಿರುತ್ತದೆ. ಅದೇ ಲೆಕ್ಕದಲ್ಲಿ ನಾನು ಸೆರಗಿನ ಸಿಪ್ಪೆ ಕೊಡವಿಕೊಂಡು ಏಳುವಷ್ಟರಲ್ಲಿ ಭಾಂಡುಪ್ ಹಿಂದಕ್ಕೆ ಹೋಗುತ್ತಿತ್ತು, ರತ್ನಾ ಪ್ಲಾಟ್‌ಫಾರ್ಮಿನ ಮೇಲೆ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಮುಂದಿನ ಸ್ಟೇಷನ್ ನಾಹುರ್. ಬಟಾಣಿಯ ಹೆಂಗಸೇ ಇಳಿಸಿ, ಎದುರು ಪ್ಲಾಟ್‌ಫಾರ್ಮು ತೋರಿಸಿ, ಒಂದು ಮುಷ್ಟಿ ಬಟಾಣಿ ಕೈಗೆ ತುರುಕಿ ಹೋದಳು. ನಾನು ತಿರುಗಿ ಭಾಂಡುಪ್‌ಗೆ ಬಂದಾಗ ಮಂಜ ಎರಡೂ ಚೀಲ ಕಾಲ ಬಳಿ ಇಟ್ಟುಕೊಂಡು, ಹುಟ್ಟಿದಂದಿನಿಂದ ಅಲ್ಲೇ ಇದ್ದವನ ಹಾಗೆ ನಿಂತಿದ್ದ.

"ಎಲ್ಲಿಗೆ ಹೋಗಿದ್ದೆ ಅಕ್ಕ?" ಎಂದು ಕೇಳಿದ. ನಾನು ಬಟಾಣಿ ತಿಂದೆ.

ಹೋಟೆಲಿನ ಮಹಡಿ

ಗುಂಪು ಸೇರುವುದು ಸ್ಟೇಷನ್ನಿಗೆ ಹತ್ತಿರದ ಒಂದು ಹೋಟೆಲಿನ ಮಹಡಿಯಲ್ಲಿ. ಮಾಲೀಕರು ಸದಾನಂದಣ್ಣ, ಉಡುಪಿ ಕಡೆಯವರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲಿಗೆ ಸ್ವಲ್ಪ ಬಿಡುವು. ಅಡುಗೆಯವರು ಅಡ್ಡಾಗುತ್ತಾರೆ, ಮೇಜಿನ ಮೇಲೆ ಕುರ್ಚಿಗಳು ಏರುತ್ತವೆ. ಆ ಹೊತ್ತಿನಲ್ಲಿ ಮೇಲಿನ ಫ್ಯಾಮಿಲಿ ರೂಮಿನಲ್ಲಿ ದಿನವೂ ಜನ ಸೇರುತ್ತಾರೆ. ಹೋಟೆಲ್ ಕೆಲಸದವರಿಗೂ ಬೆಳಗಿನ ಪಾಳಿ ಮುಗಿಸಿದವರಿಗೂ ಅದೇ ಅನುಕೂಲ.

ರಾತ್ರಿ ರತ್ನಾಳ ಮನೆಯಲ್ಲಿ ಉಳಿದು ಮರುದಿನ ಮಧ್ಯಾಹ್ನ ಅಲ್ಲಿಗೆ ಹೋದಾಗ ಮೊದಲು ನಮಗೆ ದೋಸೆ ಹಾಕಿಸಿದರು. ತೆಳ್ಳಗೆ, ಗರಿಗರಿಯಾಗಿ, ಚೆನ್ನಾಗಿಯೇ ಇತ್ತು. ಆದರೂ ಊರಿನ ಮರ್ಯಾದೆ ಉಳಿಸಬೇಕಲ್ಲ. "ಬೆಣ್ಣೆ ಎಲ್ಲಿ ಅಣ್ಣಾ?" ಎಂದೆ.

"ನಿಮ್ಮ ದಾವಣಗೆರೆಗೆ ಒಮ್ಮೆ ಬಂದಿದ್ದೆ ಮಾರ್ರೆ" ಎಂದರು ಸದಾನಂದಣ್ಣ. "ಬೆಣ್ಣೆ ಸಿಕ್ಕಿತು. ದೋಸೆ ಎಲ್ಲಿ ಉಂಟು ಅಂತ ಹುಡುಕಿದ್ದೇ ಹುಡುಕಿದ್ದು."

ಅಲ್ಲಿಂದ ನಮಗೆ ಸ್ನೇಹವಾಯಿತು. ಹೋಟೆಲ್ ನಡೆಸುವವರಿಗೆ ಹೋಟೆಲ್ ನಡೆಸುವವರ ಮೇಲೆ ಒಂದು ಗುಮಾನಿ, ಒಂದು ಪ್ರೀತಿ ಎರಡೂ ಇರುತ್ತವೆ.

ಸದಾನಂದಣ್ಣನೂ ಒಂದು ಕಾಲದಲ್ಲಿ ಗಲ್ಲಾದ ಕೆಳಗೆ ಬಾಟಲಿ ಇಟ್ಟುಕೊಂಡು ವ್ಯಾಪಾರ ಮಾಡಿದವರು. ಅದನ್ನು ಅವರು ಮಳೆ ಬಂತು ಎನ್ನುವಷ್ಟೇ ಸಲೀಸಾಗಿ ಹೇಳುತ್ತಾರೆ. ಹಾಗಾದರೆ ನೀವು ಡಾಕ್ಟರ ಕೆಲಸ ಮಾಡುತ್ತೀರಾ ಎಂದು ನಾನು ಕೇಳಿದಾಗ, "ಛೆ, ಡಾಕ್ಟರು ಬೇಕೇ ಬೇಕು. ಮಾತ್ರೆ ಅವರು ಕೊಡ್ತಾರೆ. ಮಾತ್ರೆ ನುಂಗ್ಲಿಕ್ಕೆ ಮನಸ್ಸು ಬರುವುದಿಲ್ಲ ನೋಡಿ, ಆ ಹೊತ್ತಿಗೆ ಪಕ್ಕದಲ್ಲಿ ಕೂರ್ಲಿಕ್ಕೆ ನಾವು" ಎಂದರು.

ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಹೆಸರಿಗೆ ಕನ್ನಡ, ಆದರೆ ಮಾತಿನಲ್ಲಿ ಅರ್ಧ ಹಿಂದಿ, ಸ್ವಲ್ಪ ಮರಾಠಿ, ನಡುನಡುವೆ ತುಳು. ನಿಯಮ ಕಡಿಮೆ. ತನ್ನ ವಿಷಯ ಮಾತ್ರ ಹೇಳಬೇಕು. ಇನ್ನೊಬ್ಬರಿಗೆ ಬುದ್ಧಿ ಹೇಳುವಂತಿಲ್ಲ, ಅಯ್ಯೋ ಪಾಪ ಎನ್ನುವಂತಿಲ್ಲ. ಒಬ್ಬರು ಮುಗಿಸಿದ ಮೇಲೆ ಉಳಿದವರೆಲ್ಲ "ಕೇಳಿದೆವು" ಎನ್ನುತ್ತಾರೆ, ಅಷ್ಟೇ. ಬುದ್ಧಿ ಹೇಳದೆ ಇಷ್ಟು ಜನ ಕನ್ನಡಿಗರು ಒಂದು ಕೋಣೆಯಲ್ಲಿ ಕೂತಿದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಮನೆಯವರೂ ಬಂದು ಕೂರಬಹುದಾದ ದಿನಗಳು ಅವು, ಹಾಗಾಗಿ ನನಗೂ ಒಂದು ಕುರ್ಚಿ ಸಿಕ್ಕಿತು.

ಮೂಲೆಯಲ್ಲಿ ಒಂದು ಸಣ್ಣ ಗ್ಯಾಸ್ ಒಲೆ. ಅದರ ಮುಂದೆ ಎತ್ತರದ, ಬಡಕಲು ಆಳೊಬ್ಬ ನಿಂತಿದ್ದ. ಹನುಮಂತ ಅಂತ, ಯಾದಗಿರಿ ಕಡೆಯವನು, ಬೆಳಗ್ಗೆ ಮಾರ್ಕೆಟ್ಟಿನಲ್ಲಿ ತರಕಾರಿ ಲಾರಿ ಖಾಲಿ ಮಾಡುವ ಹಮಾಲಿ. ಗುಂಪಿಗೆ ಹೊಸಬ, ಇನ್ನೂ ಒಂದು ದಿನವೂ ಬಾಯಿ ಬಿಟ್ಟಿಲ್ಲ ಎಂದು ರತ್ನಾ ಕಿವಿಯಲ್ಲಿ ಹೇಳಿದಳು. ಕುಡಿತ ಬಿಟ್ಟ ಹೊಸತು, ಅವನ ಕೈ ನಡುಗುತ್ತಿತ್ತು. ಪಾತ್ರೆ ತೊಳೆದ, ಹಾಲು ಸುರಿಯುವಾಗ ಅರ್ಧ ಕಟ್ಟೆಯ ಮೇಲೆ ಚೆಲ್ಲಿದ, ಚಹಾಪುಡಿಯನ್ನು ಗೊಬ್ಬರ ಹಾಕುವಂತೆ ಹಾಕಹೊರಟ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅತಿಥಿಯಾಗಿ ಬಂದವಳು ಕಂಡೂ ಕಾಣದಂತೆ ಇರಬೇಕೇ?

"ಬಿಡಪ್ಪಾ, ನೀನು ಹೋಗಿ ಕೂತ್ಕೋ. ನಾನು ಮಾಡ್ತೀನಿ" ಎಂದು ಅವನ ಕೈಯಿಂದ ಪಾತ್ರೆ ತೆಗೆದುಕೊಂಡೆ. ಅದರಲ್ಲಿದ್ದುದನ್ನು ಚೆಲ್ಲಿ, ಪಾತ್ರೆಯನ್ನು ಇನ್ನೊಮ್ಮೆ ತೊಳೆದು, ಶುಂಠಿ ಜಜ್ಜಿ ಹಾಕಿ, ಒಳ್ಳೆಯ ಖಡಕ್ ಚಹಾ ಮಾಡಿ ಎಲ್ಲರಿಗೂ ನಾನೇ ಕೊಟ್ಟೆ.

ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಕುಡಿದು ಗ್ಲಾಸು ಕೆಳಗಿಟ್ಟರು. ಮುಂಬೈಯವರು ಹೊಗಳುವುದರಲ್ಲಿ ಜಿಪುಣರು ಎಂದುಕೊಂಡೆ. ಹನುಮಂತ ಕಡೆಯ ಕುರ್ಚಿಯಲ್ಲಿ ಗ್ಲಾಸು ಹಿಡಿದು ಕೂತಿದ್ದ, ಚಹಾದ ಮೇಲೆ ಕೆನೆ ಕಟ್ಟಿತ್ತು. ಮಂಜ ಮೆಲ್ಲಗೆ "ಅಕ್ಕ" ಎಂದ. ಅವನಿಗೆ ಸಕ್ಕರೆ ಸಾಲದಾಗಿದೆ ಎಂದು ನಾನು ಸಕ್ಕರೆ ಡಬ್ಬ ಮುಂದೆ ಹಿಡಿದೆ.

ಗೋರೆಗಾಂವ್

ಮರುದಿನ ಬೆಳಿಗ್ಗೆ ರತ್ನಾ ತನ್ನ ಕೆಲಸ ತೋರಿಸಲು ಗೋರೆಗಾಂವ್‌ಗೆ ಕರೆದುಕೊಂಡು ಹೋದಳು. ಮಂಜ ಹೋಟೆಲಿನಲ್ಲೇ ಸದಾನಂದಣ್ಣನ ಜೊತೆ ಉಳಿದ. ಬಸ್ಸಿನಲ್ಲಿ ರತ್ನಾ, "ಅಕ್ಕಾ, ಸಿಟ್ಟ ಆಗಬ್ಯಾಡ್ರಿ. ಅಲ್ಲಿ ಏನೂ ಹೇಳಬ್ಯಾಡ್ರಿ, ಸುಮ್ನ ಕುಂದರ್ರಿ" ಎಂದಳು. ನನ್ನನ್ನು ಎರಡೇ ದಿನದಲ್ಲಿ ಅಳೆದುಬಿಟ್ಟಿದ್ದಳು.

ದೊಡ್ಡ ಕಾಲನಿ. ಬಿಲ್ಡಿಂಗುಗಳ ತುದಿ ನೋಡಲು ಕತ್ತೆತ್ತಿ ಕೊರಳು ನೋವಾಯಿತು. ಲಿಫ್ಟಿನಲ್ಲಿ ನಾಲ್ಕು ಜನ ಇದ್ದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಮ್ಮಲ್ಲಾದರೆ ಯಾವ ಮನೆಗೆ, ಏನು ವಿಶೇಷ, ನೀವು ಯಾವ ಕಡೆಯವರು ಎಂದು ಇಷ್ಟು ಹೊತ್ತಿಗೆ ವಂಶಾವಳಿ ಮುಗಿದಿರುತ್ತಿತ್ತು. ನಾವು ಹೋದ ಕನ್ನಡದವರ ಮನೆಯ ಮಗಳು ಬಹಳ ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಇದ್ದಳು. ಔಷಧ ನಡೆದಿತ್ತು, ಆದರೆ ಹೊರಗೆ ಬರುತ್ತಿರಲಿಲ್ಲ. ತಾಯಿ ನಮ್ಮನ್ನು ನೋಡಿ ಕಣ್ಣೊರೆಸಿಕೊಂಡರು.

ರತ್ನಾ ಆ ಬಾಗಿಲ ಹೊರಗೆ ನೆಲದ ಮೇಲೆ ಕೂತಳು. ಬಾಗಿಲು ತಟ್ಟಲಿಲ್ಲ. "ನಾನು ರತ್ನಾ, ಬಂದೀನಿ" ಎಂದಳು. ಆಮೇಲೆ ಒಳಗಿನವಳನ್ನು ಏನೂ ಕೇಳದೆ ತನ್ನದೇ ಹೇಳಿಕೊಂಡಳು. "ನಿನ್ನೆ ನನಗ ಮುಂಜಾನೆ ಏಳಾಕ ಮನಸ್ಸ ಬರ್ಲಿಲ್ಲ. ಎದಿ ಮ್ಯಾಲ ಕಲ್ಲ ಇಟ್ಟಂಗ ಆಗಿತ್ತ. ಎದ್ದೆ. ಮುಖಾ ತೊಳೀಲಿಲ್ಲ, ಹಂಗ ಚಾ ಕುಡದೆ. ಆಮ್ಯಾಲ ತೊಳಕೊಂಡೆ." ಮತ್ತೆ ಬಹಳ ಹೊತ್ತು ಸುಮ್ಮನೆ. ಮತ್ತೆ ಒಂದೆರಡು ಮಾತು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಸಲಹೆಗಳು ಸಾಲಾಗಿ ನಿಂತಿದ್ದವು. ಎಣ್ಣೆಸ್ನಾನ ಮಾಡಿಸಿ ಎನ್ನುವುದು ಎಲ್ಲಕ್ಕಿಂತ ಮುಂದಿತ್ತು. ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡು ಕೂತೆ.

ನಾವು ಏಳುವ ಹೊತ್ತಿಗೆ ಒಳಗಿನಿಂದ ಸಣ್ಣ ದನಿ ಬಂತು. "ನಾಳೆ ಬರ್ತೀರಾ?"

"ಬರ್ತೀನಿ" ಎಂದಳು ರತ್ನಾ.

ಅಷ್ಟೇ. ಆದರೆ ತಾಯಿ ಲಿಫ್ಟಿನವರೆಗೆ ನಗುತ್ತಾ ಬಂದು ಬೀಳ್ಕೊಟ್ಟರು. ಅಷ್ಟು ದಿನದಲ್ಲಿ ಮಗಳು ತಾನಾಗಿ ಕೇಳಿದ ಮೊದಲ ಮಾತಂತೆ ಅದು. ಬಸ್ಸಿನಲ್ಲಿ ನಾನು, ಎದ್ದು ಹೊರಗೆ ಬಾ ಅಂತ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅದನ್ನ ಹೇಳಾಕ ಮಂದಿ ಭಾಳ ಅದಾರ್ರಿ ಅಕ್ಕಾ" ಎಂದು ರತ್ನಾ ಕಿಟಕಿಗೆ ತಲೆ ಇಟ್ಟು ನಿದ್ದೆ ಹೋದಳು.

ಒಲೆ ಹತ್ತದ ಮಧ್ಯಾಹ್ನ

ಹೋಟೆಲಿಗೆ ಬಂದಾಗ ಮಹಡಿಯ ಮೇಲೆ ಎಲ್ಲರೂ ಸೇರಿದ್ದರು. ಒಲೆಯ ಮುಂದೆ ಮಾತ್ರ ಯಾರೂ ಇರಲಿಲ್ಲ. ಹನುಮಂತ ಬಂದಿರಲಿಲ್ಲ. ಒಬ್ಬರು ಮಾತಾಡಿದರು, ಕೇಳಿದೆವು ಎಂದೆವು. ಇನ್ನೊಬ್ಬರು ಮಾತಾಡಿದರು, ಕೇಳಿದೆವು ಎಂದೆವು. ಎಲ್ಲರ ಕಣ್ಣೂ ಆಗಾಗ ಮೆಟ್ಟಿಲ ಕಡೆಗೆ. ಚಹಾದ ಹೊತ್ತು ಮೀರಿತು. ನಾನು ಎದ್ದೆ. ಮಂಜ ನನ್ನ ಮಣಿಕಟ್ಟು ಹಿಡಿದು ಕೂರಿಸಿದ. ಅವನು ಹಾಗೆ ಎಂದೂ ಮಾಡಿದವನಲ್ಲ.

ಸಭೆ ಚಹಾ ಇಲ್ಲದೆಯೇ ಮುಗಿಯಿತು. ಎಲ್ಲರೂ ಇಳಿದು ಹೋದ ಮೇಲೆ ಸದಾನಂದಣ್ಣ ನನ್ನ ಎದುರು ಕುರ್ಚಿ ಎಳೆದು ಕೂತರು.

"ಅಕ್ಕ, ಮೊನ್ನೆ ನೀವು ಮಾಡಿದ್ದು..." ಎಂದು ಶುರು ಮಾಡಿ, "ಅಲ್ಲ, ನಿನ್ನೆಯೇ ಅಲ್ವಾ. ನಿಮ್ಮ ಚಹಾ ನನ್ನ ಹೋಟೆಲಿನ ಚಹಾಕ್ಕಿಂತ ಲಾಯ್ಕಿತ್ತು. ಅದೇ ಕಷ್ಟ ಆದದ್ದು" ಎಂದರು.

ಚಹಾ ಚೆನ್ನಾಗಿದ್ದರೆ ಕಷ್ಟ ಏನು ಎಂದೆ.

"ಕೆಳಗೆ ಅಷ್ಟು ದೊಡ್ಡ ಅಡುಗೆಮನೆ ಉಂಟು. ಒಂದು ಕೂಗು ಹಾಕಿದ್ರೆ ಚಹಾ ಮೇಲೆ ಬರ್ತದೆ. ಮತ್ತೆ ಇಲ್ಲಿ ಈ ಸಣ್ಣ ಒಲೆ ಎಂತಕ್ಕೆ? ಗುಂಪಿಗೆ ಯಾರು ಹೊಸಬರೋ ಚಹಾ ಅವರದ್ದು. ಹೊಸಬರಿಗೆ ಮಾತಾಡ್ಲಿಕ್ಕೆ ಆಗುವುದಿಲ್ಲ, ಸುಮ್ಮನೆ ಕೂರ್ಲಿಕ್ಕೂ ಆಗುವುದಿಲ್ಲ. ಕೈಗೆ ಒಂದು ಕೆಲಸ ಇದ್ರೆ ಬರ್ತಾರೆ. ತಾನು ಹೋಗದಿದ್ರೆ ಅಷ್ಟು ಜನಕ್ಕೆ ಚಹಾ ಇಲ್ಲ ಅಂತ ಗೊತ್ತಿರ್ತದೆ ನೋಡಿ, ಅದಕ್ಕೆ ಬರ್ತಾರೆ. ನಾನು ಮಾಲೀಕ, ಜನ್ಮದಲ್ಲಿ ಒಂದು ಗ್ಲಾಸ್ ತೊಳೆದವನಲ್ಲ. ನನಗೂ ಮೊದಲು ಚಹಾವೇ ಕೊಟ್ಟದ್ದು. ನಾನು ಮಾಡಿದ್ದನ್ನು ಕುಡಿದವರು ಬದುಕಿದ್ದೇ ಹೆಚ್ಚು."

ಆಮೇಲೆ ಹನುಮಂತನ ವಿಷಯ ಹೇಳಿದರು. ಅವನ ಕುಡಿತಕ್ಕೆ ಬೇಸತ್ತ ಹೆಂಡತಿ, ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದಾಳೆ. ಗುಂಪಿಗೆ ತಪ್ಪದೆ ಹೋಗಿ ಕುಡಿತ ಬಿಟ್ಟರೆ ಬರುತ್ತೇನೆ ಎಂದಿದ್ದಾಳೆ. ಮೊದಲು ಎರಡು ಸಲ ಬಂದು ಓಡಿಹೋದವನು ಚಹಾದ ಕೆಲಸ ಕೈಗೆ ಬಂದ ಮೇಲೆಯೇ ದಿನವೂ ಬರತೊಡಗಿದ್ದ. ಇವತ್ತು ಫೋನು ಎತ್ತುತ್ತಿಲ್ಲ.

ಒಂದು ಪಾತ್ರೆ ಚಹಾಕ್ಕೆ ಒಬ್ಬನ ಸಂಸಾರ ತೂಗುತ್ತಿದೆ ಎಂದು ಯಾರಿಗೆ ಹೊಳೆಯಬೇಕು. "ನಡೀರಿ, ಅವನ ಮನೆಗೆ ಹೋಗೋಣ. ನಾನು ತಪ್ಪಾಯ್ತು ಅಂತ ಹೇಳ್ತೀನಿ" ಎಂದೆ.

"ಬೇಡ" ಎಂದರು ಸದಾನಂದಣ್ಣ. "ತಪ್ಪಾಯ್ತು ಅಂತ ಹೇಳಿದ್ರೆ ನಿಮಗೆ ಹಗುರ ಆಗ್ತದೆ. ಅವನಿಗೆ ಈಗ ಬೇಕಾದದ್ದು ಅದಲ್ಲ. ಕೈ ನಡುಗಿದವರು ಹೋಗ್ಬೇಕು, ಇಬ್ಬರು." ಮಂಜನ ಕಡೆ ತಿರುಗಿದರು. "ನೀವು ಬರ್ತೀರಾ?"

"ಅವನಿಗೆ ಅಭ್ಯಾಸ ಇಲ್ಲ ಅಣ್ಣಾ, ಅವನಿಂದ ಆಗಲ್ಲ" ಎಂದೆ ನಾನು.

"ಬರ್ತೀನಿ" ಎಂದ ಮಂಜ. ಚಪ್ಪಲಿ ಮೆಟ್ಟಿಕೊಂಡು ಆಗಲೇ ಮೆಟ್ಟಿಲ ಬಳಿ ಹೋಗಿದ್ದ.

ಗಲ್ಲಾದ ಹಿಂದೆ

ಸಂಜೆಯ ತಿಂಡಿ ಶುರುವಾಗುವ ಹೊತ್ತು, ಮಾಲೀಕರೇ ಹೊರಟರೆ ಗಲ್ಲಾದಲ್ಲಿ ಯಾರು ಕೂರಬೇಕು? "ಅಕ್ಕ, ನೀವೇ ಕೂತ್ಕೊಳ್ಳಿ. ಖಾನಾವಳಿಯವರಲ್ವಾ" ಎಂದು ಸದಾನಂದಣ್ಣ ನನ್ನನ್ನು ಅಲ್ಲಿ ಕೂರಿಸಿ ಹೋದರು. ಹೀಗೆ ದಾವಣಗೆರೆಯ ಬೆಣ್ಣೆ ದೋಸೆಯವಳು ಮುಂಬೈಯ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತಳು. ಬೇರೆ ದಿನವಾಗಿದ್ದರೆ ಒಂದು ಫೋಟೋ ತೆಗೆಸಿ ಶಾಂತಕ್ಕನಿಗೆ ಕಳಿಸುತ್ತಿದ್ದೆ.

ಹನುಮಂತನ ಖೋಲಿ ಗುಡ್ಡದ ಮೇಲಿನ ಚಾಳಿನಲ್ಲಿತ್ತು. ದಾರಿ ದೂರವಲ್ಲ ಎಂದಿದ್ದರು. ಗಿರಾಕಿಗಳು ಬಂದರು, ಹೋದರು. ವಡಾಪಾವ್ ತಿನ್ನುವ ಊರಿನಲ್ಲಿ ಇಡ್ಲಿಗೆ ಇಷ್ಟು ನೂಕುನುಗ್ಗಲು ಇದೆಯೆಂದು ಗೊತ್ತಿರಲಿಲ್ಲ. ಇಲ್ಲಿಯ ಜನ ಚಟ್ನಿಗಿಂತ ಸಾಂಬಾರನ್ನು ಎರಡೆರಡು ಸಲ ಕೇಳುತ್ತಾರೆ, ನಿಂತೇ ತಿನ್ನುತ್ತಾರೆ, ತಿಂದ ತಟ್ಟೆ ನೋಡಿ ಒಂದು ಮಾತೂ ಆಡದೆ ಸ್ಟೇಷನ್ನಿಗೆ ಓಡುತ್ತಾರೆ. ನಾನು ಎಲ್ಲರಿಗೂ ಚಿಲ್ಲರೆ ಕೊಡುತ್ತಿದ್ದೆ, ಆದರೆ ಕಣ್ಣು ರಸ್ತೆಯ ಕಡೆಗಿತ್ತು. ಮಂಜ ಕುಡಿಯುವವನ ಮನೆಗೆ ಹೋಗಿದ್ದಾನೆ. ಅಲ್ಲಿ ಬಾಟಲಿ ಇರುತ್ತದೆ. ಅವನ ಮನಸ್ಸು ಜಾರಿದರೆ? ನಾನು ಜೊತೆಗಿಲ್ಲ. ಮಾತ್ರೆಯೂ ನನ್ನ ಬ್ಯಾಗಿನಲ್ಲೇ ಇದೆ. ಜೀವ ಬಾಯಿಗೆ ಬಂದಿತ್ತು ಎಂದೆನಲ್ಲ, ಅದು ಈ ಹೊತ್ತು.

ಬೀದಿದೀಪ ಹತ್ತಿದ ಮೇಲೆ ಇಬ್ಬರೂ ಬಂದರು. ಮಂಜನ ಅಂಗಿ ಬೆವರಿಗೆ ಒದ್ದೆಯಾಗಿತ್ತು, ಮುಖ ಮಾತ್ರ ತಿಳಿಯಾಗಿತ್ತು.

"ಸಿಕ್ಕಿದನಾ?"

"ಸಿಕ್ಕಿದ. ಕುಡ್ದಿದ್ದಾನೆ. ಕೂತು ಮಾತಾಡಿದ್ವಿ."

"ಏನಂದ? ನೀನೇನಂದೆ?"

"ಅದು ನಮ್ಮ ಮಾತು ಅಕ್ಕ" ಎಂದ ಮಂಜ.

"ನನ್ನ ಮೇಲೆ ಸಿಟ್ಟಾಗಿದ್ದಾನಾ?"

"ಅವನನ್ನೇ ಕೇಳು."

ಮಂಜನ ಹೊಟ್ಟೆಗೆ ಏನು ಹೋಯಿತು, ತಲೆಗೆ ಏನು ಬಂತು ಎಂದು ಗಳಿಗೆಗೊಂದು ಸಲ ತಿಳಿದುಕೊಂಡು ಇರುವವಳು ನಾನು. ಅಂಥವಳಿಗೆ ಗೊತ್ತಿಲ್ಲದ ಒಂದು ಸಂಗತಿ ಈಗ ಅವನ ಹತ್ತಿರ ಇತ್ತು. ಮೊದಲು ಮುಖಕ್ಕೆ ಹೊಡೆದಂತಾಯಿತು. ಆಮೇಲೆ ಅವನು ಕೈ ಚಾಚಿ, "ಮಾತ್ರೆ ಕೊಡು, ನನ್ನ ಹತ್ರಾನೇ ಇರ್ಲಿ" ಎಂದ. ಕೊಟ್ಟೆ. ಅವನು ಒಂದು ನುಂಗಿ ನೀರು ಕುಡಿದು, ಉಳಿದದ್ದನ್ನು ಜೇಬಿಗೆ ಹಾಕಿಕೊಂಡು ಸದಾನಂದಣ್ಣನ ಜೊತೆ ಇಡ್ಲಿ ತಿನ್ನಲು ಕೂತ. ದೂರದಿಂದ ಅವರಿಬ್ಬರನ್ನು ನೋಡುತ್ತಿದ್ದರೆ ಯಾರು ಕಲಿಯಲು ಬಂದವರು, ಯಾರು ಕಲಿಸುವವರು ಎಂದು ಗೊತ್ತಾಗುತ್ತಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ಅಳುವೂ ಬಂತು, ಗಲ್ಲಾದಲ್ಲಿ ಕೂತು ಅಳಬಾರದೆಂದು ತಡೆದುಕೊಂಡೆ.

ಕೊನೆಯ ಮಧ್ಯಾಹ್ನ

ಮರುದಿನ ಸಂಜೆ ನಮಗೆ ರೈಲು. ರತ್ನಾಳ ಚಾಳಿನ ಅಕ್ಕಪಕ್ಕದವರು ಬೆಳಗಿನಿಂದ ಒಬ್ಬೊಬ್ಬರಾಗಿ ಬಂದು ಕಟ್ಟಿಕೊಟ್ಟ ಬುತ್ತಿಯಿಂದ ನಮ್ಮ ಚೀಲ ತರುವಾಗಿನದಕ್ಕಿಂತ ದಪ್ಪವಾಗಿತ್ತು. ಆ ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಯಾವ ಮನೆಯ ಒಗ್ಗರಣೆ ಎಂದು ಮೂಗಿನಿಂದಲೇ ಹೇಳಬಹುದು. ಲಿಫ್ಟಿನ ಬಿಲ್ಡಿಂಗು ನೋಡಿ ಬಂದ ಮೇಲೆ ನನಗೆ ಅದೇ ಹೆಚ್ಚು ಹಿಡಿಸಿತ್ತು. ಚೀಲಗಳನ್ನು ಎತ್ತಿಕೊಂಡೇ ಹೋಟೆಲಿಗೆ ಹೋದೆವು.

ನಾನು ಹನುಮಂತನಿಗೆ ಹೇಳಬೇಕಾದ್ದನ್ನು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ. ಬಹಳ ಚೆನ್ನಾದ ಮಾತು. ಕೊನೆಯಲ್ಲಿ ದಾವಣಗೆರೆಗೆ ಬಾ, ನಮ್ಮ ಮನೆಯಲ್ಲೇ ಇರು ಎಂದೂ ಸೇರಿಸಿಕೊಂಡಿದ್ದೆ.

ಸಭೆ ಶುರುವಾಯಿತು. ಒಲೆಯ ಮುಂದೆ ಯಾರೂ ಇಲ್ಲ. ಇಬ್ಬರು ಮಾತಾಡಿ ಮುಗಿಸಿದರು. ಸದಾನಂದಣ್ಣ ಕೈಗಡಿಯಾರ ನೋಡಿಕೊಂಡರು. ಮಂಜ ಮಾತ್ರ ನೆಮ್ಮದಿಯಾಗಿ ಕೂತಿದ್ದ. ಅವನಿಗೆ ಏನೋ ಗೊತ್ತಿದೆ ಎಂದುಕೊಂಡೆ. ಆಮೇಲೆ ಕೇಳಿದರೆ, ಏನೂ ಗೊತ್ತಿರಲಿಲ್ಲ, ಬರುವುದು ಬಿಡುವುದು ಅವನ ಕೈಯಲ್ಲಿತ್ತು ಎಂದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹನುಮಂತ ಬಂದ. ಕಣ್ಣು ಕೆಂಪಗಿತ್ತು, ಆದರೆ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡಿದ್ದ. ಅವನ ಹಿಂದೆ ಅವನಿಗಿಂತ ಕುಳ್ಳಗಿನ, ವಯಸ್ಸಿನಲ್ಲಿ ಹಿರಿಯನಾದ ಇನ್ನೊಬ್ಬ ಹಮಾಲಿ, ತಲೆಯ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ಬಾಗಿಲಲ್ಲೇ ನಿಂತ. ಹನುಮಂತ ಕೂರಲಿಲ್ಲ. ಆ ಗುಂಪಿನಲ್ಲಿ ಅದುವರೆಗೆ ಬಾಯಿ ಬಿಡದವನು ನಿಂತೇ ಮಾತಾಡಿದ.

"ನಾ ಹನುಮಂತ. ಇಂವ ನಮ್ಮ ಮಾರ್ಕೆಟ್ಟಿನಾಂವ, ಭೀಮಣ್ಣ. ನಿನ್ನಿ ಇಬ್ಬರೂ ಕೂಡೇ ಕುಡದೀವಿ. ಇವತ್ತ ಕೂಡೇ ಬಂದೀವಿ."

"ಕೇಳಿದೆವು" ಎಂದರು ಎಲ್ಲರೂ.

"ಇನ್ನೂ ಮುಗದಿಲ್ಲ" ಎಂದ ಹನುಮಂತ. ನನ್ನ ಕಡೆ ನೋಡಿದ. "ಈ ಅಕ್ಕಾರು ನಾ ತೊಳದ ಪಾತೇಲಿ ಮತ್ತ ತೊಳದ್ರು. ನನ್ನ ಕೈ ಮುಟ್ಟಿದ್ದು ಇವರಿಗಿ ಆಗಂಗಿಲ್ಲ ಅಂತ ತಿಳಕೊಂಡೆ. ಊರಾಗ ಭಾಳ ಸಲ ಹಂಗ ಆಗ್ಯದ. ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಯ್ತು. ಹೋಗಿ ಕುಡದೆ. ಕುಡದಿದ್ದು ನಾನ, ಅಕ್ಕಾರು ಕುಡಸಿಲ್ಲ. ಆದ್ರ ಅದು ನನಗ ಭಾಳ ಹತ್ತೇದ. ಹೇಳ್ಬೇಕು ಅನಸ್ತು, ಹೇಳೀನಿ."

ಪಾತ್ರೆಯ ವಿಷಯ ನನ್ನ ನೆನಪಿನಲ್ಲೇ ಇರಲಿಲ್ಲ. ಮಗಳ ಮನೆಗೆ ಹೋದರೂ ಅವಳು ತೊಳೆದಿಟ್ಟ ಪಾತ್ರೆಯನ್ನು ನಾನು ಇನ್ನೊಮ್ಮೆ ತೊಳೆದೇ ಒಲೆಗಿಡುತ್ತೇನೆ, ಖಾನಾವಳಿಯ ಚಟ ಅದು ಎಂಬ ಮಾತು ಗಂಟಲಿಗೆ ಬಂತು. ಬಾಯಿಪಾಠ ಮಾಡಿದ್ದೂ ಬಂತು. ಆದರೆ ಅವನಿಗೆ ಆದದ್ದು ಆಗಿತ್ತು. ನನ್ನ ಚಟದ ಕಥೆಯಿಂದ ಅದು ಆಗಲಿಲ್ಲ ಎಂದಾಗುವುದಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಎಲ್ಲರೂ ನನಗಾಗಿ ಕಾಯುತ್ತಿದ್ದರು, ಮಂಜನೂ.

"ಕೇಳಿದೆ" ಎಂದೆ.

ಹನುಮಂತ ಒಮ್ಮೆ ತಲೆಯಾಡಿಸಿದ. ಅವನ ಹೆಗಲು ಸ್ವಲ್ಪ ಇಳಿಯಿತು. ಭೀಮಣ್ಣನಿಗೆ ರತ್ನಾ ತನ್ನ ಪಕ್ಕದ ಕುರ್ಚಿ ಸರಿಸಿ ಕೊಟ್ಟಳು. ಸದಾನಂದಣ್ಣ ಎದ್ದು ನಿಂತು, ಗುಂಪಿನ ಪದ್ಧತಿಯಂತೆ, "ಹನುಮಂತ, ಈಗ ಹೊಸಬ ಇವ. ಇವನಿಗೆ ಒಲೆ ತೋರ್ಸು. ಇನ್ನು ಚಹಾ ಇವನದ್ದು" ಎಂದರು.

ಹನುಮಂತ ಒಲೆಯ ಮುಂದೆ ಹೋಗಿ ನಿಂತ. ತೋರಿಸಲಿಲ್ಲ. ನಮ್ಮೆಲ್ಲರ ಕಡೆ ತಿರುಗಿ, ಲಾರಿಯ ಮುಂದೆ ಮೂಟೆಗೆ ಅಡ್ಡ ನಿಂತವನ ಹಾಗೆ ಕಾಲು ಊರಿದ.

"ಇಲ್ರಿ ಮಾಲಕರ" ಎಂದ. "ಚಾ ನಂದೇ ಅದ. ಇಂವ ಬೇಕಾದ್ರ ಗಿಲಾಸ ತೊಳೀಲಿ."

ಸದಾನಂದಣ್ಣ ವಾದಕ್ಕೆ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು, ಭೀಮಣ್ಣ ಗ್ಲಾಸು ತೊಳೆಯಲು ಅಂಗಿಯ ತೋಳು ಮಡಚಿದ, ನಾವೆಲ್ಲ ಚಹಾಕ್ಕೆ ಕಾದೆವು.